ಎಡಗಡೆಯ ಅಳತೆ

ಜೇವರ್ಗಿ ಕಾಲೋನಿಯ ಹೆಣ್ಣುಮಕ್ಕಳು ಕಸ್ತೂರಿಬಾಯಿಯ ಕೈಯನ್ನು ಎಷ್ಟು ಮೆಚ್ಚುತ್ತಿದ್ದರೋ ಅವಳ ಬಾಯಿಗೆ ಅಷ್ಟೇ ಹೆದರುತ್ತಿದ್ದರು. ಕುಬಸ ಹೊಲಿಸಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಅಸ್ತರ್ ತೊಯಿಸಿ ತಂದೀರೇನು?" ಅಸ್ತರ್ ಎಂದರೆ ಕುಬಸದ ಒಳಮೈಗೆ ಕೊಡುವ ತೆಳು ಬಟ್ಟೆ. ಅದನ್ನು ನೀರಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ತೊಯಿಸಿಲ್ಲ ಎಂದವರು ತಹಸೀಲ್ದಾರರ ಹೆಂಡತಿಯಾದರೂ ಸರಿ, ಬಟ್ಟೆ ವಾಪಸು. "ನಾಳೆ ಬಣ್ಣ ಬಿಟ್ರ ಹೆಸರು ಕೆಡೋದು ನಂದು, ನಿಮ್ದಲ್ಲ," ಎನ್ನುತ್ತಿದ್ದಳು.

ಇನ್ನು ಕುತ್ತಿಗೆಯ ಮಾದರಿ ಯಾವುದು ಬೇಕೆಂದು ಕೇಳಿದಾಗ ತಡಬಡಾಯಿಸುವವರನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗುಂಡನೆಯದು, ಚೌಕದ್ದು, ದೀಪದ್ದು. "ಮೂರ್ರಾಗ ಒಂದು ಹೇಳ್ಲಿಕ್ಕ ಇಷ್ಟು ಹೊತ್ತು ಬೇಕೇನ್ರೀ? ಲಗ್ನಕ್ಕ ಗಂಡು ನೋಡ್ಲತ್ತೀರೇನು?" ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತುಬಿಡುತ್ತಿದ್ದಳು. ಈ ಮಾತು ನೆನಪಿರಲಿ. ೨೦೦೩ರ ಆಷಾಢದಲ್ಲಿ ಇದೇ ಕಸ್ತೂರಿಬಾಯಿ, ನಲವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು, ಒಂದು ಕಾಗದದ ಮೇಲಿನ ಮೂರರಲ್ಲಿ ಒಂದನ್ನು ಹೇಳಲಾಗದೆ ತಿಂಗಳಿಡೀ ಅನ್ನ ನುಂಗದೆ ಕೂತಿದ್ದಳು.

ಅವಳ ತವರು ಕಮಲಾಪುರ. ಎಂಬತ್ತೊಂದರಲ್ಲಿ ಹೈಸ್ಕೂಲಿನ ಗುಮಾಸ್ತ ಅಣವೀರಪ್ಪನನ್ನು ಮದುವೆಯಾಗಿ ಗುಲ್ಬರ್ಗಕ್ಕೆ ಬಂದಳು. ಬರುವಾಗ ಜೊತೆಗೆ ಒಂದು ಹೊಲಿಗೆ ಮಷಿನ್ನು ತಂದಳು. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ನಾಲ್ಕು ವರ್ಷದ ಮೇಲೆ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಿಂದ ಅಕ್ಬರಿ ಬೇಗಂ ಎಂಬ ವಿಧವೆ ಹುಕ್ಕು ಹಚ್ಚುವ, ಕಾಜಾ ಮಾಡುವ ಕೆಲಸ ಕೇಳಿಕೊಂಡು ಬಂದಳು. ಬಂದವಳು ಹದಿನೆಂಟು ವರ್ಷ ಹೋಗಲೇ ಇಲ್ಲ. ಕಸ್ತೂರಿಬಾಯಿ ಬೈದರೆ ತಿರುಗಿ ಬೈಯುವ ತಾಕತ್ತಿದ್ದುದು ಈ ಭೂಮಿಯ ಮೇಲೆ ಅಕ್ಬರಿಗೆ ಮಾತ್ರ. ಕಸ್ತೂರಿಬಾಯಿಯ ಅಳತೆ ತೆಗೆಯುತ್ತಿದ್ದವಳೂ ಅವಳೇ. ತನ್ನ ಅಳತೆಯನ್ನು ತಾನೇ ತೆಗೆದರೆ ಯಾವತ್ತೂ ಸರಿ ಬರುವುದಿಲ್ಲ, ಕೈ ಎತ್ತಿದ ಕೂಡಲೇ ಮೈ ಏರುತ್ತದೆ, ಟೇಪನ್ನು ಇನ್ನೊಬ್ಬರೇ ಹಿಡಿಯಬೇಕು ಎನ್ನುವುದು ಆ ಅಂಗಡಿಯ ಎರಡನೇ ಕಾಯಿದೆ.

ಹಿಂದಿನ ವರ್ಷದ ದಸರೆಗೆ ತನಗೊಂದು ಹೊಸ ಕುಬಸ ಕತ್ತರಿಸಿ, ಪಿನ್ನು ಹಚ್ಚಿ, ತೊಟ್ಟು ನೋಡುತ್ತಿದ್ದಳು. ಎಡಗಡೆ ಬಟ್ಟೆ ಸರಿಪಡಿಸುವಾಗ ಬೆರಳು ನಿಂತಿತು. ಹುರಿಗಡಲೆಯಷ್ಟು ಗಾತ್ರದ ಏನೋ ಗಟ್ಟಿ. ಯಾವುದೋ ಗುಂಡಿ ಒಳಗೆ ಉಳಿದಿದೆ ಎಂದುಕೊಂಡು ಕುಬಸ ತೆಗೆದು ಕೊಡವಿದಳು. ಗುಂಡಿ ಬೀಳಲಿಲ್ಲ. ಮತ್ತೆ ಮುಟ್ಟಿದಳು. ಅದು ಬಟ್ಟೆಯಲ್ಲಿ ಇರಲಿಲ್ಲ.

ತಿಂಗಳೊಳಗೆ ಹೈದರಾಬಾದಿನ ದವಾಖಾನೆಯೊಂದರಲ್ಲಿ ಅವಳ ಎಡಗಡೆಯ ಮೊಲೆಯನ್ನು ಪೂರ್ತಿ ತೆಗೆದರು. ಜಲ್ದಿ ಸಿಕ್ಕಿದೆ, ಪುಣ್ಯ, ದಿನಕ್ಕೊಂದು ಗುಳಿಗೆ ಐದು ವರ್ಷ ನುಂಗಿದರೆ ಸಾಕು ಎಂದರು. ಊರಿನವರಿಗೆ, ಗಿರಾಕಿಗಳಿಗೆ, ಮಗನಿಗೆ, ಕಮಲಾಪುರದ ಅವ್ವ ಭಾಗಮ್ಮನಿಗೂ ಹೇಳಿದ್ದು ಒಂದೇ ಮಾತು: ಗರ್ಭಕೋಶದ ಆಪರೇಷನ್. ನಮ್ಮ ಸೀಮೆಯಲ್ಲಿ ನಲವತ್ತು ದಾಟಿದ ಹೆಂಗಸು ಗರ್ಭಕೋಶ ತೆಗೆಸಿದಳೆಂದರೆ ಎರಡನೇ ಪ್ರಶ್ನೆ ಯಾರೂ ಕೇಳುವುದಿಲ್ಲ. ಕ್ಯಾನ್ಸರ್ ಎಂದರೆ ಮಾತ್ರ ಮನೆಯ ಮುಂದೆ ಜನ ಕೂಡುತ್ತಾರೆ, ಬದುಕಿದ್ದವಳನ್ನೇ ಕೂಡಿಸಿಕೊಂಡು ಅಳುತ್ತಾರೆ. ನಿಜ ಗೊತ್ತಿದ್ದುದು ಗಂಡನಿಗೆ ಮತ್ತು ಅಕ್ಬರಿಗೆ.

ಆದರೆ ಇವರಿಬ್ಬರಿಗೂ ಗೊತ್ತಿಲ್ಲದ್ದು ಒಂದಿತ್ತು. ಪಟ್ಟಿ ಬಿಚ್ಚಿದ ದಿನದಿಂದ ಕಸ್ತೂರಿಬಾಯಿ ಆ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಸ್ನಾನಕ್ಕೆ ಕಣ್ಣು ಮುಚ್ಚುತ್ತಿದ್ದಳು, ಬಟ್ಟೆ ಬದಲಿಸುವಾಗ ಗೋಡೆ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ದಿಟ್ಟಿಸುವ ಅದೇ ಕಣ್ಣು, ಅಲ್ಲಿಂದ ಒಂದು ಗೇಣು ಈಚೆಗೆ ಬರಲು ಒಪ್ಪುತ್ತಿರಲಿಲ್ಲ. ಮುಟ್ಟಿದರೂ ಏನೂ ತಿಳಿಯದು, ಅಲ್ಲಿಯ ಚರ್ಮ ಜೋಮು ಹಿಡಿದಂತೆ ಸತ್ತುಹೋಗಿತ್ತು. ಅಂಗಡಿಯ ದೊಡ್ಡ ಕನ್ನಡಿಯ ಮೇಲೆ ಹಳೆಯ ಸೀರೆ ಇಳಿಬಿಟ್ಟು, ಕೇಳಿದವರಿಗೆ "ಪಾದರಸ ಹೋಗ್ಯಾದ" ಎನ್ನುತ್ತಿದ್ದಳು. ಅಂಜಿಕೆ, ಮತ್ತೇನು. ನೋಡಿದರೆ ಅದು ಇನ್ನೂ ಅಲ್ಲೇ ಕೂತಿರಬಹುದು ಎನ್ನುವ ಅಂಜಿಕೆ.

ಬೋಳು ಎದೆಯನ್ನು ಮರೆಮಾಚಬೇಕಲ್ಲ. ದವಾಖಾನೆಯಲ್ಲಿ ಕೊಟ್ಟ ಸ್ಪಂಜು ಗಾಳಿಯಷ್ಟು ಹಗುರ. ಒಂದು ದಿನ ಹೆಡ್‌ಮಿಸ್ಟ್ರೆಸ್ಸರ ತೋಳಿನ ಅಳತೆ ತೆಗೆಯಲು ಬಾಗಿದಾಗ ಅದು ಮೆಲ್ಲಗೆ ಕುತ್ತಿಗೆಗೆ ಏರಿ ಬಂತು. ಕೆಮ್ಮುತ್ತ ಒಳಗೆ ಓಡಿದಳು. ಅರಳೆ ತುಂಬಿದಳು, ಅದೂ ಏರಿತು. ಭಾರ ಬೇಕು ಎಂದು ಜೋಳ ತುಂಬಿದಳು, ಅದು ಚುಚ್ಚಿತು, ಕಾಳುಕಾಳಾಗಿ ಎದ್ದು ಕಂಡಿತು. ಕೊನೆಗೆ ತವರಿಂದ ಬಂದ ಹೆಸರು ಕಾಳು ಒಗ್ಗಿತು. ನುಣ್ಣನೆಯ ಕಾಳು, ಬಾಗಿದರೆ ಬಾಗುತ್ತದೆ, ಕೂತರೆ ಕೂಡುತ್ತದೆ. ಕೈಗೆ ಸಿಕ್ಕ ಕೆಂಪು ಖಣದ ಬಟ್ಟೆಯ ತುಂಡೊಂದರಲ್ಲಿ ಚೀಲ ಹೊಲಿದು, ಕಾಳು ತುಂಬಿ, ಬಾಯಿ ಮುಚ್ಚಿ, ಒಳಗೆ ತೊಡುವ ಬಾಡಿಗೇ ಜೋಡಿಸಿ ಹೊಲಿದುಬಿಟ್ಟಳು. ಶ್ರಾವಣಕ್ಕೆ ನಾಲ್ಕು ದಿನ ಇರುವಾಗ ಬಾಗಿಲು ಹಾಕಿಕೊಂಡು ಗಡಿಬಿಡಿಯಲ್ಲಿ ಮಾಡಿದ ಕೆಲಸ. ಊರಿಗೆಲ್ಲ ಬಟ್ಟೆ ತೊಯಿಸಿ ತರ್ರಿ ಎನ್ನುವವಳು ಆ ಕೆಂಪು ತುಂಡನ್ನು ತೊಯಿಸಲಿಲ್ಲ.

ಆಪರೇಷನ್ ಮಾಡಿದ್ದ ಹೈದರಾಬಾದಿನ ಡಾಕ್ಟರಮ್ಮ ತಿಂಗಳ ಮೊದಲ ಸೋಮವಾರ ಜೇವರ್ಗಿ ಕಾಲೋನಿಯ ಒಂದು ಕ್ಲಿನಿಕ್ಕಿಗೆ ಬರುತ್ತಿದ್ದರು. ಮೂಲತಃ ಬೀದರ್ ಕಡೆಯವರು, ಮಾತು ನಮ್ಮದೇ. ಜುಲೈ ತಿಂಗಳಲ್ಲಿ ಬಂದಾಗ ಒಂದು ಹಾಳೆಯ ಮೇಲೆ ಮೂರು ಚಿತ್ರ ಬರೆದರು. "ನೋಡ್ರಿ ಕಸ್ತೂರಿಬಾಯಿ, ಬೇಕಂದ್ರ ಹೊಸದು ಕಟ್ಟಿಕೊಡ್ತೀವಿ. ಒಂದು, ಚರ್ಮದ ಕೆಳಗ ಸಿಲಿಕಾನಿನ ಚೀಲ ಇಡೋದು. ಅದಕ್ಕ ಮೊದಲ ಚರ್ಮ ಹಿಗ್ಗಿಸಬೇಕು, ಕೆಲವು ತಿಂಗಳು ಹಿಡೀತದ. ಎರಡು, ಬೆನ್ನಿನ ಮಾಂಸ ತಿರುವಿ ಮುಂದ ತರೋದು. ಮೂರು, ಹೊಟ್ಟೀದು ಮ್ಯಾಲ ತರೋದು, ಅದು ಭಾಳ ದೊಡ್ಡ ಆಪರೇಷನ್." ಆಮೇಲೆ ಪೆನ್ನು ಮುಚ್ಚಿ, "ಏನೂ ಬ್ಯಾಡ ಅಂದ್ರೂ ನಡೀತದ. ಮುಂದಿನ ತಿಂಗಳು ಹೇಳ್ರಿ," ಎಂದರು. ಆ ಕೊನೆಯ ಮಾತಿಗೆ ಚಿತ್ರವಿರಲಿಲ್ಲ. ಆದ್ದರಿಂದ ಅದು ಅವಳ ಕಿವಿಯಲ್ಲಿ ಉಳಿಯಲಿಲ್ಲ.

ಮನೆಗೆ ಬಂದು ಹಾಳೆಯನ್ನು ಅಣವೀರಪ್ಪನ ಮುಂದಿಟ್ಟಳು. ಅವನು ಕನ್ನಡಕ ಏರಿಸಿ ನೋಡಿದ, ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದ. "ನಿನ್ನ ಮನಸ್ಸಿಗೆ ಬಂದಂಗ ಮಾಡು," ಎಂದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕಿಟಕಿಯ ಪರದೆಯ ಬಣ್ಣಕ್ಕೂ ಈ ಮಾತು ಹೇಳದವನು. ಆಪರೇಷನ್ ಆದಾಗಿನಿಂದ ಅವನು ಅವಳನ್ನು ಗಾಜಿನ ಸಾಮಾನಿನಂತೆ ದೂರವೇ ಇಟ್ಟಿದ್ದ. ಬಾಗಿಲು ತಟ್ಟದೆ ಕೋಣೆಗೆ ಬರುತ್ತಿರಲಿಲ್ಲ. ಮಾಡಿಸಿಕೋ ಎಂದಿದ್ದರೆ ಜಗಳವಾಡಬಹುದಿತ್ತು, ಬೇಡ ಎಂದಿದ್ದರೂ ಜಗಳವಾಡಬಹುದಿತ್ತು. ಈ ಮಾತಿನ ಜೊತೆ ಜಗಳವಾಡುವುದು ಹೇಗೆ?

"ಬೆನ್ನಿಂದು ಒಲ್ಲೆ," ಎಂದು ಅಕ್ಬರಿಯ ಹತ್ತಿರ ಲೆಕ್ಕ ಹಾಕಿದಳು. "ಭುಜದ ಕಸುವು ಹೋದ್ರ ಕತ್ರಿ ಯಾರು ಹಿಡೀಬೇಕು?"

"ಚೀಲಾ?"

"ಒಳಗ ಒಡದ್ರ?"

"ಹೊಟ್ಟೀದು?"

ಕಸ್ತೂರಿಬಾಯಿ ಮಷಿನ್ನಿನ ಕಾಲುಹಲಗೆಯ ಮೇಲೆ ಕಾಲಿಟ್ಟಳು. "ಅದ ಉಳೀತಲ್ಲ," ಎಂದಳು.

"ಅರೇ ಬಾಯಿ, ಗಿರಾಕಿಗೋಳಿಗಿ ಎಷ್ಟ್ ಬೈತಿದ್ದಿ, ಮೂರ್ರಾಗ ಒಂದು ಹೇಳ್ರಿ ಅಂತ! ಈಗ ನೋಡು ನಿನ್ನ ಹಾಲ್," ಎಂದು ಅಕ್ಬರಿ ನಗಿಸಲು ನೋಡಿದಳು. ಕಸ್ತೂರಿಬಾಯಿ ನಗಲಿಲ್ಲ. ಅವಳೊಳಗೆ ಬೇರೆಯೇ ಒಂದು ಪ್ರಶ್ನೆ ಕೂತಿತ್ತು, ಅದನ್ನು ಅಕ್ಬರಿಗೂ ಹೇಳಿರಲಿಲ್ಲ, ಡಾಕ್ಟರಮ್ಮನನ್ನೂ ಕೇಳಿರಲಿಲ್ಲ. ಹೋದ ಸಲ ಆ ಗಂಟನ್ನು ಹುಡುಕಿದ್ದು ದವಾಖಾನೆಯ ಯಾವ ಮಷಿನ್ನೂ ಅಲ್ಲ, ತನ್ನ ಬೆರಳು. ಆ ಜಾಗದ ಮೇಲೆ ಹೊಸ ಮಾಂಸ ತಂದು ಮುಚ್ಚಿ, ಅದು ಕೆಳಗೆ ಮತ್ತೆ ಹುಟ್ಟಿದರೆ? ಬೆರಳಿಗೆ ಗೊತ್ತಾಗುವುದು ಹೇಗೆ? ಕೇಳಿದರೆ "ಮತ್ತೆ ಬರಬಹುದು" ಎನ್ನುವ ಮಾತು ಡಾಕ್ಟರ ಬಾಯಿಂದ ಬಂದುಬಿಡುತ್ತದೆ ಎಂದು ಕೇಳಿರಲಿಲ್ಲ.

ಹೊಟ್ಟೆಯದು ಎಂದು ಹೇಳಿಬಿಡುವುದು, ಕಣ್ಣು ಮುಚ್ಚಿಕೊಂಡು ರುಜು ಹಾಕಿಬಿಡುವುದು ಎಂದು ನಿರ್ಧರಿಸಿ ಹಾಳೆಯನ್ನು ಪರ್ಸಿನಲ್ಲಿಟ್ಟಳು. ಆಗಸ್ಟಿನ ಮೊದಲ ಸೋಮವಾರ ಶ್ರಾವಣದ ಮೊದಲ ಸೋಮವಾರವೂ ಆಗಿತ್ತು. ಅದರ ಹಿಂದಿನ ದಿನ ಭಾನುವಾರ ಕಮಲಾಪುರದಲ್ಲಿ ತಮ್ಮ ದೌಲಪ್ಪನ ಮಗಳು ಮಹಾನಂದಾಳ ಕುಬಸದ ಕಾರ್ಯ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಹಸಿರು ಕುಬಸ ತೊಡಿಸಿ, ಉಡಿ ತುಂಬುವ ಕಾರ್ಯ. ಆ ಹಸಿರು ಕುಬಸವನ್ನು ಹೊಲಿದವಳು ಅತ್ತೆ ಕಸ್ತೂರಿಬಾಯಿಯೇ. ಹೋಗದಿರಲು ಸಾಧ್ಯವೇ?

ಶನಿವಾರ ಬಸ್ಸು ಇಳಿಯುತ್ತಿದ್ದಂತೆ ಮಳೆ ಹಿಡಿಯಿತು. ಹಸಿರು ಕುಬಸದ ಗಂಟನ್ನು ಹೊಟ್ಟೆಗವಚಿಕೊಂಡು ತವರಿನ ಓಣಿಗೆ ಓಡುವಷ್ಟರಲ್ಲಿ ಒಳಗಿನ ಬಟ್ಟೆಯ ತನಕ ತೊಯ್ದು ತೊಪ್ಪೆಯಾದಳು. ಮನೆ ತುಂಬ ಬೀಗರು. ಹೆಂಗಸರಿಗೆಲ್ಲ ಒಂದೇ ಕೋಣೆ. ಸೀರೆ ಬದಲಿಸಿದಳು, ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಕುಬಸ ಬದಲಿಸಿದಳು. ಬಾಡಿ ಬದಲಿಸುವುದು ಹೇಗೆ? ಚೀಲ ಹೊಲಿದ ಬಾಡಿ ಅವಳ ಹತ್ತಿರ ಇದ್ದದ್ದು ಅದೊಂದೇ. ಮೈಬಿಸಿಗೆ ತಾನಾಗಿ ಒಣಗುತ್ತದೆ ಬಿಡು ಎಂದುಕೊಂಡಳು. ಅಂದು ಬೀಗಿತ್ತಿಯರ ಸಾಲಿನಲ್ಲಿ ಮಲಗುವಾಗಲೂ ಅದನ್ನು ಬಿಚ್ಚಲಿಲ್ಲ.

ಭಾನುವಾರ ಎದ್ದಾಗ ಎದೆ ಬಿಗಿಯುತ್ತಿತ್ತು. ಒಣಗಿರಲಿಲ್ಲ, ಬದಲಿಗೆ ಎಡಗಡೆ ಉಬ್ಬಿಕೊಂಡಿತ್ತು. ಕುಬಸದ ಹೊಲಿಗೆ ಎಳೆದು ನಿಂತಿತ್ತು. ದೌಲಪ್ಪನ ಹೆಂಡತಿ ಹೋಳಿಗೆ ತಟ್ಟುತ್ತ, "ಅಕ್ಕಾರ, ಗುಲ್ಬರ್ಗಾದಾಗ ಛಲೋ ಉಣ್ಲತ್ತೀರಿ ಬಿಡ್ರಿ, ಮೈ ಹಿಡಕೊಂಡದ," ಎಂದು ನಕ್ಕಳು. ಡಾಕ್ಟರಮ್ಮ ಹೇಳಿದ್ದ ಮಾತು ಕಸ್ತೂರಿಬಾಯಿಯ ಕಿವಿಯಲ್ಲಿ ಗುಂಯ್ ಎಂದಿತು. ಬಾವು ಬಂದರೆ, ಗಟ್ಟಿ ಹತ್ತಿದರೆ, ನೀರು ಸೋರಿದರೆ ಒಂದು ದಿನವೂ ತಡೆಯಬಾರದು. ಸೆರಗಿನೊಳಗೆ ಕೈ ಹಾಕಿ ಕುಬಸದ ಮೇಲಿಂದಲೇ ಒತ್ತಿದಳು. ಗಟ್ಟಿ. ಕಲ್ಲಿನಷ್ಟು ಗಟ್ಟಿ. ಕಾಳು ನೆಂದಿರಬೇಕು ಎಂದು ಒಂದು ಕ್ಷಣ ಅನ್ನಿಸಿತು ನಿಜ. ಆದರೆ ಗಟ್ಟಿಯಿರುವುದು ಚೀಲದಲ್ಲೋ, ಚೀಲದ ಕೆಳಗೋ? ಸತ್ತ ಚರ್ಮ ಏನು ಹೇಳೀತು? ಬಚ್ಚಲಿಗೆ ಹೋಗಿ ಬಿಚ್ಚಿ ನೋಡಿದರೆ ಎರಡು ನಿಮಿಷದ ಕೆಲಸ. ಬಚ್ಚಲ ಬಾಗಿಲ ತನಕ ಎರಡು ಸಲ ಹೋದಳು, ಎರಡು ಸಲವೂ ಬರಿದೇ ಕಾಲು ತೊಳೆದುಕೊಂಡು ಬಂದಳು.

ಮಧ್ಯಾಹ್ನ ಮಹಾನಂದಾಳನ್ನು ಹಸಿರು ಕುಬಸ ತೊಡಿಸಿ ಮಣೆಯ ಮೇಲೆ ಕೂಡಿಸಿದರು. ಹುಡುಗಿ ಗುಂಡಗೆ ಕಳೆಕಳೆಯಾಗಿ ಕಾಣುತ್ತಿದ್ದಳು. ಮೊದಲು ಉಡಿ ತುಂಬುವ ಮಾನ ಅತ್ತೆಗೆ. ಅಕ್ಕಿ, ಕೊಬ್ಬರಿ ಬಟ್ಟಲು, ಕೆಂಪು ಬಾಳೆಹಣ್ಣು ಕೈಯಲ್ಲಿ ಹಿಡಿದು ಕಸ್ತೂರಿಬಾಯಿ ಬಾಗಿದಳು. ಸೆರಗು ಸರಿಯಿತು.

"ಅತ್ತಿ, ಕುಬಸಕ್ಕ ಏನೋ ಕೆಂಪು ಹತ್ಯಾದ ನೋಡು," ಎಂದು ಮಹಾನಂದಾ ಪಿಸುಗುಟ್ಟಿದಳು.

ಕೆನೆಬಣ್ಣದ ಕುಬಸದ ಎಡಗಡೆ, ರೂಪಾಯಿಯಗಲ ಕೆಂಪು. ಹಸಿ ಕೆಂಪು.

"ಕುಂಕುಮ," ಎಂದಳು ಕಸ್ತೂರಿಬಾಯಿ. ಅವಳ ಬಾಯಿಂದ ಅಷ್ಟು ಸಣ್ಣ ದನಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸೆರಗು ಹೊದ್ದು, ಅಕ್ಕಿ ಹಾಕಿ, ಐದು ಸಲ ಹಾಕಬೇಕಾದಲ್ಲಿ ಮೂರೇ ಹಾಕಿ ಹಿಂದೆ ಸರಿದಳು. ರಕ್ತ ಸೋರುವ ಮೈಯಿಂದ ತುಂಬು ಬಸುರಿಯ ಉಡಿ ತುಂಬಿದೆನಲ್ಲ ಶಿವನೇ! ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ? ಮೂಲೆಯ ಕಂಬಕ್ಕೊರಗಿ ಕೂತವಳು ಹೋಳಿಗೆಯ ತಾಟಿಗೆ ಕೈ ಹಚ್ಚಲಿಲ್ಲ. ಅವ್ವ ಭಾಗಮ್ಮ ಬಂದು ಹಣೆ ಮುಟ್ಟಿ ನೋಡಿದಳು. "ಯಾಕ ತಂಗಿ, ಮಾರಿ ಸುಟ್ಟಂಗ ಆಗ್ಯಾದಲ್ಲ?" ಎಂದಳು. ಹೇಳಿಬಿಡಲೇ ಎಂದು ಬಾಯಿಗೆ ಬಂತು. "ಬಸ್ಸಿನ ದಣಿವು," ಎಂದಳು. ಎಪ್ಪತ್ತು ದಾಟಿದ ಮುದುಕಿ ನಂಬಿದಂತೆ ಮಾಡಿ ಎದ್ದು ಹೋದಳು.

ಸೋಮವಾರ ಬೆಳಿಗ್ಗೆ ಚುಚ್ಚಲು ಶುರುವಾಯಿತು. ಒಳಗೆಲ್ಲೋ ಅಲ್ಲ, ಬಾಡಿಯ ಅಂಚಿನಲ್ಲಿ, ಜೀವವಿರುವ ಚರ್ಮ ಶುರುವಾಗುವ ಕಡೆ. ಏನೋ ಸಣ್ಣಸಣ್ಣದು ಹರಿದಾಡಿದಂತೆ, ಮೆತ್ತಗೆ ಕೊರೆದಂತೆ. ಜೊತೆಗೆ ಒಂದು ಹಸಿ ವಾಸನೆ, ಮುಗ್ಗಲು ವಾಸನೆ. ಕೊಳೆಯುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಮೊದಲ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತವರಿಗೆ ವಾಸನೆ ಬಂದೀತೆಂದು ಕಿಟಕಿಗೆ ಮೈ ಒತ್ತಿ ಕೂತಳು. ಊರಂಚಿನ ಕುಸನೂರಿನ ಹತ್ತಿರ ಹೊಸ ಮನೆಗಳು ಏಳುತ್ತಿವೆಯಂತೆ, ಅಲ್ಲೊಂದು ಜಾಗ ನೋಡೋಣ ಎಂದು ಅಣವೀರಪ್ಪ ಎರಡು ವರ್ಷದಿಂದ ಹೇಳುತ್ತಿದ್ದ. ಬೀದರಿನಲ್ಲಿ ಓದುವ ಮಗನಿಗೆ ಇನ್ನೊಂದು ವರ್ಷ ಉಳಿದಿತ್ತು. ಇವೆಲ್ಲ ನಾನಿಲ್ಲದೆ ಆಗುತ್ತವೆ ಎಂದು ನೆನೆದು, ತುಂಬಿದ ಬಸ್ಸಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಮನೆಯೊಳಗೆ ಕಾಲಿಡಲಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು, "ಅಕ್ಬರಿ, ನಡೀ ದವಾಖಾನಿಗಿ. ಬಂದದ ಅದು. ತಿರಿಗಿ ಬಂದದ," ಎಂದಳು. ಅಕ್ಬರಿ ಸೂಜಿಯನ್ನು ಬಟ್ಟೆಯಲ್ಲಿ ಹಾಗೇ ಚುಚ್ಚಿಟ್ಟು ಎದ್ದು ಬಂದಳು. ಏನು, ಎತ್ತ ಎಂದು ಕೇಳಲಿಲ್ಲ. ಎರಡು ಗಲ್ಲಿ ದಾಟಿ ಕ್ಲಿನಿಕ್ಕು ಮುಟ್ಟುವ ತನಕ ಅವಳ ಕೈ ಬಿಡಲಿಲ್ಲ.

ಡಾಕ್ಟರಮ್ಮ ಕೆಂಪು ಕಲೆ ನೋಡಿದ್ದೇ ಮಲಗಲು ಹೇಳಿದರು. ಕಸ್ತೂರಿಬಾಯಿ ಕಣ್ಣು ಬಿಗಿಯಾಗಿ ಮುಚ್ಚಿ ಅಕ್ಬರಿಯ ಮಣಿಕಟ್ಟು ಹಿಡಿದುಕೊಂಡಳು. ಕುಬಸದ ಹುಕ್ಕು ಬಿಚ್ಚಿದ್ದು ತಿಳಿಯಿತು. ಬಾಡಿ ಬಿಚ್ಚಿದ್ದು ತಿಳಿಯಿತು. ಆಮೇಲೆ ಸದ್ದಿಲ್ಲ. ಆ ಮೌನದಲ್ಲಿ ಅವಳು ಸತ್ತೇಹೋದಳು.

"ಯಾ ಅಲ್ಲಾ," ಎಂದಳು ಅಕ್ಬರಿ. "ಬಾಯಿ, ಮೊಳಕಿ!"

"ಏನು?"

"ಹೆಸರಿನ ಮೊಳಕಿ! ನೀರಾಗ ನೆನಸಿ, ಅರಿವ್ಯಾಗ ಕಟ್ಟಿ, ಬೆಚ್ಚಗಿಟ್ಟು, ಎರಡು ದಿನ ಬಿಟ್ಟೀದಿ. ಮೊಳಕಿ ಒಡೀದೆ ಏನ್ ಮಾಡ್ತಾವ? ಉಸಳಿ ಮಾಡೋ ಹಂಗ ಆಗ್ಯಾವ ನೋಡು!"

ಡಾಕ್ಟರಮ್ಮ ಬೇರೆ ಕಡೆ ಮುಖ ತಿರುಗಿಸಿದರು, ಭುಜ ಕುಲುಕುತ್ತಿತ್ತು. ಉಬ್ಬಿದ ಕೆಂಪು ಚೀಲದ ಹೊಲಿಗೆಯ ಸಂದುಗಳಿಂದ ಬಿಳಿ ಬಾಲಗಳು ಹೊರಬಂದಿದ್ದವು. ಖಣದ ಬಣ್ಣ ಬಾಡಿಗೆ, ಕುಬಸಕ್ಕೆ, ಮೈಗೆ ಎಲ್ಲ ಹತ್ತಿತ್ತು. ತೊಯಿಸದೆ ಹೊಲಿದ ಬಟ್ಟೆ. ಕಸ್ತೂರಿಬಾಯಿಗೆ ನಗು ಬರಲಿಲ್ಲ.

ನರ್ಸು ಒದ್ದೆ ಅರಳೆಯಿಂದ ಒರೆಸಿದಳು. ಡಾಕ್ಟರಮ್ಮ ಬಹಳ ಹೊತ್ತು ಕೈಯಾಡಿಸಿ ನೋಡಿದರು, ಕಂಕುಳು, ಕತ್ತಿನ ಬುಡ, ಬಲಗಡೆ ಎಲ್ಲ. "ಏನೂ ಇಲ್ಲ. ಛಲೋ ಮಾಯ್ದದ," ಎಂದರು. "ಈಗ ಕಣ್ಣು ತೆರೀರಿ."

"ಒಲ್ಲೆರಿ."

"ಇಷ್ಟು ದಿನ ಒಮ್ಮೆನೂ ನೋಡಿಲ್ಲೇನು?"

ಕಸ್ತೂರಿಬಾಯಿ ತಲೆಯಾಡಿಸಿದಳು. ಅಕ್ಬರಿ ಅವಳ ಮಣಿಕಟ್ಟಿನಿಂದ ಕೈ ಬಿಡಿಸಿಕೊಂಡು, ಅವಳ ಕೈಯನ್ನೇ ತೆಗೆದು ಆ ಜಾಗದ ಮೇಲಿಟ್ಟಳು. "ನೋಡಬ್ಯಾಡ. ಬಟ್ಟಿ ನೋಡಿದಂಗ ಮೊದಲ ಬೆರಳಿಂದ ನೋಡು," ಎಂದಳು.

ಬೆರಳು ಹೆದರುತ್ತ ನಡೆಯಿತು. ಒಂದು ಉದ್ದನೆಯ ಗೆರೆ, ಓರೆಯಾಗಿ, ಕಂಕುಳ ಕಡೆಗೆ. ಎರಡು ಕಡೆಯೂ ಒಂದೇ ಮಟ್ಟ. ಒಂದು ಗಂಟಿಲ್ಲ, ಸುಕ್ಕಿಲ್ಲ, ಎಲ್ಲೂ ಎಳೆದಿಲ್ಲ. ಒಳ್ಳೆಯ ಕೈ ಹೊಲಿದದ್ದು ಎಂದು ಬೆರಳೇ ಹೇಳಿತು. ಆಗ ಕಣ್ಣು ತೆರೆದಳು. ಕೆಂಬಣ್ಣದ ಕಲೆ ಇನ್ನೂ ಅಲ್ಲಲ್ಲಿ ಉಳಿದ ಚಪ್ಪಟೆ ಎದೆ, ಅದರ ಮೇಲೆ ಲಿಂಗದ ಶಿವದಾರ, ಒಂದು ತಿಳಿ ಗೆರೆ. ಇಷ್ಟೇನಾ ಎನ್ನಿಸಿತು. ಇಷ್ಟಕ್ಕೆ ಹತ್ತು ತಿಂಗಳು ಗೋಡೆ ನೋಡಿದೆನಾ ಎಂದು ತನ್ನ ಮೇಲೇ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಅಕ್ಬರಿ ಅವಳನ್ನು ಅಳಲು ಬಿಟ್ಟಳು.

ಅವಳು ಬಟ್ಟೆ ಉಟ್ಟು ಕೂತ ಮೇಲೆ ಡಾಕ್ಟರಮ್ಮ ಕೇಳಿದರು: "ಹಾಳಿ ತಂದೀರಾ? ಯಾವುದು ಅಂತ ಮಾಡೀರಿ?"

ಕಸ್ತೂರಿಬಾಯಿ ಪರ್ಸಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. "ಇದರಾಗ ಯಾವುದೂ ಬ್ಯಾಡ್ರಿ."

"ವಿಚಾರ ಮಾಡಿ ಹೇಳ್ರಿ. ಇವತ್ತು ಅಂಜೀರಿ, ಅದಕ್ಕ ಹಂಗ ಅನಸ್ತದ."

"ಖರೆ ರೀ, ಅಂಜೀನಿ. ಎರಡು ದಿನ ಮ್ಯಾಲೊಂದು ಚೀಲ ಇತ್ತು, ಕೆಳಗೇನದ ಅಂತ ನನಗ ತಿಳೀಲಿಲ್ಲ. ಜೀವ ಹೋಗಿ ಬಂತು. ಇನ್ನ ಜನುಮ ಪೂರಾ ಹಂಗ ಇರ್ಲಿಕ್ಕ ನನ್ನ ಕೈಲಿ ಆಗಂಗಿಲ್ಲ."

"ಹಂಗೇನಿಲ್ರಿ. ಹೊಸದು ಕಟ್ಟಿದ್ರೂ, ಕೆಳಗ ಏನರ ಆದ್ರ ನಾವು ತಪಾಸಣಿ ಮಾಡಿ ಹಿಡೀತೀವಿ. ಭಾಳ ಮಂದಿ ಮಾಡಿಸ್ಕೊಂಡು ಆರಾಮ ಅದಾರ."

"ನಿಮಗ ತಿಳೀತದ್ರಿ," ಎಂದಳು ಕಸ್ತೂರಿಬಾಯಿ. "ನನಗ ತಿಳೀಬೇಕು."

ಡಾಕ್ಟರಮ್ಮ ಹಾಳೆಯನ್ನು ಮಡಚಿ ಅವಳಿಗೇ ಕೊಟ್ಟರು. ಮುಂದೆ ಮನಸ್ಸು ಬದಲಾದರೆ ಬಾಗಿಲು ಮುಚ್ಚಿಲ್ಲ, ಎರಡು ವರ್ಷದ ಮೇಲೂ ಮಾಡಬಹುದು ಎಂದರು. ಆಮೇಲೆ ಬೆರಳಿನಿಂದ ನೋಡಿಕೊಳ್ಳುವ ಕ್ರಮವನ್ನು ಸರಿಯಾಗಿ ಕಲಿಸಿದರು, ತಿಂಗಳಿಗೊಮ್ಮೆ ಸಾಕು ಎಂದರು. ದಿನಾ ನೋಡಿದರೆ ತಪ್ಪೇನು ಎಂದು ಇವಳು ವಾದಕ್ಕೆ ನಿಂತಳು. ಹಳೆಯ ಬಾಯಿ ತಿರುಗಿ ಬಂದುದನ್ನು ಕಂಡು ಅಕ್ಬರಿ ಮನಸ್ಸಿನಲ್ಲೇ ಅಲ್ಲಾನಿಗೆ ಶುಕ್ರಿಯಾ ಹೇಳಿದಳಂತೆ.

ಅಂಗಡಿಗೆ ಬಂದವಳೇ ಕನ್ನಡಿಯ ಮೇಲಿನ ಸೀರೆ ಎಳೆದು ತೆಗೆದಳು. ಕಮಲಾಪುರಕ್ಕೆ ಫೋನು ಹಚ್ಚಿ ಅವ್ವನನ್ನು ಕರೆಸಿದಳು, ನಿಜವಾದ ಆಪರೇಷನ್ ಯಾವುದೆಂದು ಹೇಳಿದಳು. "ಆಪರೇಷನ್ ಆದ ಮ್ಯಾಲೆ ಬಂದಾಗ ನಿನ್ನ ಅಪ್ಪಿಕೊಂಡಿದ್ದೆ," ಎಂದಳು ಭಾಗಮ್ಮ. "ಅವತ್ತೇ ತಿಳಿದಿತ್ತು ನನಗ. ನೀ ಹೇಳ್ತಿ ಅಂತ ದಾರಿ ಕಾಯ್ಲತ್ತಿದ್ದೆ." ಕಸ್ತೂರಿಬಾಯಿ ಫೋನು ಇಟ್ಟು ಮಷಿನ್ನಿನ ಮೇಲೆ ತಲೆಯಿಟ್ಟಳು.

ಅಣವೀರಪ್ಪ ಶಾಲೆಯಿಂದ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಬರಿ ಮನೆಗೆ ಹೋಗಿದ್ದಳು. ಕಸ್ತೂರಿಬಾಯಿ ಎಲ್ಲ ಹೇಳಿದಳು, ಮೊಳಕೆಯ ಮಾತೂ ಸೇರಿಸಿ. ಅವನು ನಗಲಿಲ್ಲ. ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ನಾ ಯಾವಾಗರ ಮಾಡಿಸ್ಕೋ ಅಂದಿದ್ನೇನು?" ಎಂದ.

"ಬ್ಯಾಡ ಅಂತನೂ ಅಂದಿರಲಿಲ್ಲ."

"ನನಗೂ ಅಂಜಿಕಿ ಇತ್ತು," ಎಂದ ಅಣವೀರಪ್ಪ. "ಮುಟ್ಟಿದ್ರ ನೋವಾದೀತು ಅಂತ. ನೋಡಿದ್ರ ನಿನಗ ಬ್ಯಾಸರಾದೀತು ಅಂತ. ಏನ್ ಅನ್ಬೇಕೋ ತಿಳೀಲಿಲ್ಲ."

ಅವಳು ಎದ್ದು ಅಂಗಡಿಯ ಬಾಗಿಲ ಚಿಲಕ ಹಾಕಿದಳು. ಅವನು ಕಿಟಕಿ ಮುಚ್ಚಲು ಹೋದ. "ಇರಲಿ, ಬರೇ ಪರದೆ ಎಳೀರಿ. ಬೆಳಕು ಬೇಕು," ಎಂದಳು. ಕೊರಳಿನಿಂದ ಟೇಪು ತೆಗೆದು ಅವನ ಕೈಗೆ ಕೊಟ್ಟಳು. ಹೊಸ ಕುಬಸಗಳನ್ನು ಕತ್ತರಿಸಬೇಕಿತ್ತು. ಬಲಗಡೆಯ ತುಂಡಿಗೆ ಉಬ್ಬಿನ ಹೊಲಿಗೆ, ಎಡಗಡೆಯದು ನೇರ. ಒಳಗೆ ಚೀಲವಿಲ್ಲ. ಅದಕ್ಕೆ ಅಳತೆ ಬೇಕು, ತನ್ನ ಅಳತೆ ತಾನು ತೆಗೆಯಲಾಗದು.

ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಓಡಾಡಿದರೂ ಅಣವೀರಪ್ಪ ಒಂದು ದಿನ ಟೇಪು ಹಿಡಿದವನಲ್ಲ. ಅವಳು ಕನ್ನಡಿಯ ಮುಂದೆ ನಿಂತು ಕುಬಸ ತೆಗೆದಳು. ಅವನು ನೋಡಿದ. ಅವಳು ಅವನು ನೋಡುವುದನ್ನು ಕನ್ನಡಿಯಲ್ಲಿ ನೋಡಿದಳು. ಅವಳ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದು ಈಗ ತೆಳು ಚರ್ಮದ ಮೇಲೆ ಕಣ್ಣಿಗೇ ಕಾಣುತ್ತಿತ್ತು. ಬಲಗಡೆಯ ಅಳತೆ ಹೇಗೋ ಆಯಿತು. ಎಡಗಡೆಗೆ ಬರುವಾಗ ಅವನ ಕೈ ಗಾಳಿಯಲ್ಲಿ ನಿಂತಿತು.

"ಹಿಡೀರಿ," ಎಂದಳು. "ನೋಯಂಗಿಲ್ಲ. ಅಲ್ಲಿ ನನಗೇನೂ ತಿಳಿಯಂಗಿಲ್ಲ."

ಅವನು ಟೇಪು ಇಟ್ಟ. ಗೆರೆಯ ಮೇಲೆ ಅವನ ಹೆಬ್ಬೆರಳು ಕೂತದ್ದನ್ನು ಅವಳು ಕನ್ನಡಿಯಲ್ಲಿ ಕಂಡಳು. ಅವನು ಅಂಕಿ ಓದಿದ.

ಕಸ್ತೂರಿಬಾಯಿ ಪೆನ್ಸಿಲ್ಲಿನಿಂದ ಬರೆಯಲು ಹೋದವಳು ನಿಂತಳು. "ಸಡಲ ಹಿಡದೀರಿ," ಎಂದಳು. "ತಪ್ಪು ಬರ್ತದ. ಇನ್ನೊಮ್ಮೆ ಹಿಡೀರಿ, ಅಂಜಲಾರದೆ."